ಒಂದು ಗೌಸು, ಎರಡು ಹಾಸಿಗೆ

ನಮ್ಮ ಮನೆಯಲ್ಲಿ ಬೆಳಿಗ್ಗೆ ಹಾಸಿಗೆ ಸುತ್ತುವುದು ನನ್ನ ಕೆಲಸ. ಸೊಸೆಯಾಗಿ ಬಂದಾಗಿನಿಂದ ಮಾಡುತ್ತಿದ್ದೇನೆ. ಅತ್ತೆ ಮಾವ ಮಲಗುವ ನವಾರದ ಮಂಚ ನಡುಮನೆಯಲ್ಲೇ ಇದೆ. ಹಗಲು ಬಂದವರು ಕೂರುವುದೂ ಅದರ ಮೇಲೆಯೇ. ಹಾಗಾಗಿ ಕಾರ್ಖಾನೆಯ ಮೊದಲ ಪಾಳಿಯ ಕೂಗು ಕೇಳುವುದರೊಳಗೆ ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಬೇಕು. ನಾನು ಬಗ್ಗಿ ಸುತ್ತುತ್ತಿದ್ದರೆ, ಮಂಚದ ಆ ಕಡೆ ಮಾವ, ಈ ಕಡೆ ಅತ್ತೆ ನಿಂತು ನನ್ನ ತಲೆಯ ಮೇಲಿಂದ ಜಗಳವಾಡುತ್ತಿದ್ದರು.

“ರಾತ್ರಿಯೆಲ್ಲಾ ಕಣ್ಣು ಮುಚ್ಚಿಲ್ಲ ನಾನು,” ಎನ್ನುತ್ತಿದ್ದರು ಅತ್ತೆ.

“ಮತ್ತೆ ಗೊರಕೆ ಹೊಡೆದೋರು ಯಾರು? ಪಕ್ಕದ್ಮನೆ ಚೌಡಮ್ಮನಾ?” ಎನ್ನುತ್ತಿದ್ದರು ಮಾವ.

“ನನ್ನ ಗೊರಕೆ ನಿಮಗೆ ಕೇಳಿಸ್ತು ಅಂದ್ರೆ ನೀವೂ ಮಲಗಿಲ್ಲ ಅಂತಾಯ್ತು.”

“ಅದನ್ನೇ ಹೇಳ್ತಿರೋದು ಮಾರಾಯ್ತಿ! ನನಗೂ ನಿದ್ದೆ ಇಲ್ಲ!”

ಇದು ಒಂದು ದಿನದ ಮಾತಲ್ಲ. ದಿನಾ ಬೆಳಿಗ್ಗೆ ಇದೇ. ಕಾಫಿ ತಣ್ಣಗಾಗುತ್ತಿತ್ತು, ರೊಟ್ಟಿ ಸೀದುಹೋಗುತ್ತಿತ್ತು, ಇವರ ಜಗಳ ಮಾತ್ರ ಮುಗಿಯುತ್ತಿರಲಿಲ್ಲ.

ಇಬ್ಬರದೂ ಸುಳ್ಳು ನೋವಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಾವ ಹೊನ್ನಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಹರೆಯದಿಂದಲೂ ಭಾರ ಎತ್ತಿದವರು. ಈಗ ಅವರ ಸೊಂಟ ಬಗ್ಗಿದರೆ ಏಳುವುದಿಲ್ಲ, ಎದ್ದರೆ ಬಗ್ಗುವುದಿಲ್ಲ. ಅತ್ತೆ ಸುವರ್ಣಮ್ಮನವರಿಗೆ ಕೀಲುನೋವು. ಭುಜ, ಸೊಂಟದ ಪಕ್ಕದ ಕೀಲು, ಮಂಡಿ, ಎಲ್ಲಾ ಕಡೆ. ತಣ್ಣೀರು ಮುಟ್ಟಿದರೆ ಬೆರಳು ಮಡಚಲು ಆಗುವುದಿಲ್ಲ. ಇಬ್ಬರಿಗೂ ನೋವಿದೆ, ಆದರೆ ಇಬ್ಬರ ನೋವೂ ಒಂದೇ ಜಾತಿಯದಲ್ಲ. ಇಷ್ಟು ಸಣ್ಣ ವಿಷಯ ನಮ್ಮ ಮನೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಶುರುವಾಗಿದ್ದು ಹಲಗೆಯಿಂದ. ಮಾವನ ಸೊಂಟ ಹಿಡಿದುಕೊಂಡಾಗ ಡಾಕ್ಟರು ಎಲ್ಲಾ ಕೇಳಿ ತಿಳಿದು, “ಮಂಚದ ನವಾರ ಜೋತು ಬಿದ್ದಿರ್ತದೆ. ಹಾಸಿಗೆ ಕೆಳಗೆ ಒಂದು ಹಲಗೆ ಹಾಕಿಸಿ,” ಎಂದು ಹೇಳಿ ಕಳಿಸಿದರು. ಮಾವ ದಾರಿಯುದ್ದಕ್ಕೂ ಯೋಚನೆ ಮಾಡಿಕೊಂಡು ಬಂದರು. ಹಲಗೆಯೇ ಔಷಧಿ ಆದ ಮೇಲೆ, ಔಷಧಿಗೂ ಸೊಂಟಕ್ಕೂ ನಡುವೆ ಹಾಸಿಗೆ ಏಕೆ ಬೇಕು? ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಬಾಗಿಲನ್ನು ಮಗನ ಕೈಲಿ ಹೊರಿಸಿ ತಂದು ಮಂಚದ ಮೇಲೆ ಹಾಕಿಸಿದರು. ಅದರ ಚಿಲಕ ಕೂಡ ಕಿತ್ತಿರಲಿಲ್ಲ. ಹಾಸಿಗೆಯನ್ನು ಅಟ್ಟಕ್ಕೆ ಎಸೆದು, ಬಾಗಿಲ ಮೇಲೆ ಒಂದು ಜಮಖಾನ ಹಾಸಿ, “ಇನ್ನು ಮೇಲೆ ಹೀಗೇ,” ಎಂದರು.

ಮಾರನೆಯ ದಿನ ಅತ್ತೆ ಏಳುವಾಗ ಕಣ್ಣಲ್ಲಿ ನೀರಿತ್ತು.

“ಬಾಗಿಲ ಮೇಲೆ ಮಲಗಿಸಿದ್ರಿ. ನಾಳೆ ಹೊಸಿಲನ್ನೂ ಕಿತ್ತು ತಂದು ದಿಂಬು ಮಾಡಿ.”

“ಬೆನ್ನು ನೆಟ್ಟಗಾಗ್ತದೆ ಕಣೇ.”

“ನನ್ನ ಬೆನ್ನು ನೆಟ್ಟಗೇ ಇದೆ. ಭುಜ ಕಿತ್ತು ಬರ್ತಿದೆ. ಮಗ್ಗುಲಾದ್ರೆ ಮೂಳೆ ಹೋಗಿ ಹಲಗೆಗೆ ತಾಗ್ತದೆ.”

“ಹಾಗಾದ್ರೆ ಅಂಗಾತ ಮಲಗು.”

“ಅಂಗಾತ ಮಲಗಿದ್ರೆ ಮಂಡಿ ಸೆಳೀತದೆ. ತಲೆಕೆಳಗಾಗಿ ನಿಲ್ಲಲಾ?”

ಅತ್ತೆ ಸುಮ್ಮನಿರಲಿಲ್ಲ. ಹಳೆಯ ಸೀರೆಗಳನ್ನೆಲ್ಲ ಮಡಿಸಿ ತಮ್ಮ ಮಗ್ಗುಲಿಗೆ ಹಾಕಿಕೊಂಡರು. ಅವರ ಕಡೆ ದಿಬ್ಬವಾಯಿತು, ಮಾವನ ಕಡೆ ಇಳಿಜಾರಾಯಿತು. ಮಾವ ಮಂಚದಿಂದ ಜಾರಿ ಬಿದ್ದರು. ಸೊಂಟ ಇನ್ನಷ್ಟು ಹಿಡಿಯಿತು.

ಆಮೇಲೆ ಅತ್ತೆಯ ಸರದಿ. ಹಟ ಮಾಡಿ ಓಲ್ಡ್ ಟೌನಿನ ಪೀರ್ ಬಾಷಾ ಸಾಬರಲ್ಲಿ ಬೂರುಗದ ಹತ್ತಿಯ ಹಾಸಿಗೆ ಮಾಡಿಸಿದರು. ಬಾಷಾ ಸಾಬರು ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಅತ್ತೆಯ ಮದುವೆಯ ಹಾಸಿಗೆ ಹೊಲಿದಿದ್ದು ಈ ಸಾಬರ ತಂದೆಯೇ. ಬಾಗಿಲು ವಾಪಸ್ಸು ಹಿತ್ತಲಿಗೆ ಹೋಯಿತು. ಹೊಸ ಹಾಸಿಗೆ ಮೋಡದಂತಿತ್ತು. ಅತ್ತೆ ಮಗುವಿನಂತೆ ನಿದ್ದೆ ಮಾಡಿದರು. ಮಾವ ಮಾತ್ರ ಕೆಸರುಗದ್ದೆಯಲ್ಲಿ ಹೂತ ಎಮ್ಮೆಯಾದರು. ಬೆಳಿಗ್ಗೆ ನಮ್ಮವರು ಎರಡು ಕೈ ಹಿಡಿದು ಎಳೆದರೆ ಮಾತ್ರ ಮೇಲೆ ಬರುತ್ತಿದ್ದರು. “ಮೆಲ್ಲಗೆ! ಮೆಲ್ಲಗೆ! ಅಯ್ಯೋ ಶಿವನೇ!” ಎಂದು ಮಾವ ಕೂಗುವುದು ಕೇಳಿ ಚೌಡಮ್ಮ ಗೋಡೆಯ ಮೇಲಿಂದ ಇಣುಕುತ್ತಿದ್ದಳು.

ಕೊನೆಗೆ ಮಾವ ನ್ಯಾಯ ಮಾಡಲು ಹೊರಟರು. “ನಿನ್ನದೂ ಬೇಡ, ನನ್ನದೂ ಬೇಡ. ಮಧ್ಯದ್ದು ತರ್ತೀನಿ,” ಎಂದು ನಮ್ಮವರನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋದರು. ಅಲ್ಲಿ ಒಂದು ಅಂಗಡಿಯಲ್ಲಿ ನಡೆದದ್ದನ್ನು ನಮ್ಮವರು ಬಂದು ನನಗೆ ಹೇಳಿದರು. ಅಂಗಡಿಯವನು ಹಾಸಿಗೆಗೆ ಮುಷ್ಟಿಯಿಂದ ಗುದ್ದಿದನಂತೆ. ಮಾವನೂ ಗುದ್ದಿದರಂತೆ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬರು ಒಳಗೆ ಬಂದು ತಾವೂ ಗುದ್ದಿ, “ಚೆನ್ನಾಗಿದೆ, ತಗೊಳ್ಳಿ,” ಎಂದರಂತೆ. ಆಯಿತು, ಬಸ್ಸಿನ ಮೇಲೆ ಕಟ್ಟಿಸಿಕೊಂಡು ಬಂದರು.

ನೀವೇ ಹೇಳಿ. ರಾತ್ರಿ ಹಾಸಿಗೆಯ ಮೇಲೆ ಮಲಗುವುದು ಮುಷ್ಟಿಯೇ? ಮೂರು ಗಂಡಸರು ಗುದ್ದಿ ತಂದ ಹಾಸಿಗೆ ಅತ್ತೆಯ ಭುಜಕ್ಕೆ ಹೊಂದುತ್ತದೆಯೋ ಇಲ್ಲವೋ ಎಂದು ಯಾರು ನೋಡಿದರು? ಅತ್ತೆಯನ್ನು ಕರೆದುಕೊಂಡು ಹೋಗಿದ್ದರೂ ಏನಾಗುತ್ತಿತ್ತು? ಸೀರೆಯುಟ್ಟ ಹೆಂಗಸು ಪೇಟೆಯ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಕಾಲು ಚಾಚಿ ಮಲಗಿ ನೋಡುತ್ತಾಳೆಯೇ? ನಮ್ಮ ಕಡೆ ಹಾಸಿಗೆ ಕೊಳ್ಳುವುದು ಗಂಡಸರು, ಅದರ ಮೇಲೆ ನರಳುವುದು ಇಬ್ಬರೂ.

ಮಧ್ಯದ ಹಾಸಿಗೆ ಬಂತು. ಮಾವನಿಗೆ ಅದು ಮೆತ್ತಗಾಯಿತು, ಅತ್ತೆಗೆ ಗಟ್ಟಿಯಾಯಿತು. ಮೊದಲು ಒಬ್ಬರಾದರೂ ಮಲಗುತ್ತಿದ್ದರು. ಈಗ ಇಬ್ಬರೂ ಎಚ್ಚರ.

“ಅಮ್ಮ ಬೇರೆ ಹಾಸಿಗೆ ಹಾಕ್ಕೊಂಡು ಕೆಳಗೆ ಮಲಗಲಿ ಬಿಡಿ ಅಪ್ಪ,” ಎಂದರು ನಮ್ಮವರು ಒಂದು ದಿನ.

ಆ ಮಾತಿಗೆ ಮಾತ್ರ ಅತ್ತೆ ಮಾವ ಒಂದಾದರು. ಇಬ್ಬರೂ ಸೇರಿ ಮಗನ ಮೇಲೆ ಬಿದ್ದರು.

“ಬಾಯಿ ಮುಚ್ಚೋ! ಗಂಡ ಹೆಂಡಿರ ಹಾಸಿಗೆ ಬೇರೆ ಮಾಡ್ತಾರೇನೋ? ಅಪಶಕುನ!” ಎಂದರು ಮಾವ.

“ನಡುಮನೆಯಲ್ಲಿ ಎರಡು ಹಾಸಿಗೆ ಸುತ್ತಿ ನಿಲ್ಲಿಸಿದ್ರೆ ಚೌಡಮ್ಮ ಬಿಡ್ತಾಳಾ? ನಲ್ಲಿ ಹತ್ರ ಸಾರ್ಕೊಂಡು ಬರ್ತಾಳೆ,” ಎಂದರು ಅತ್ತೆ.

ಆದರೆ ನಿದ್ದೆ ಇಲ್ಲದ ಮೈ ಎಷ್ಟು ದಿನ ತಡೆಯುತ್ತದೆ? ಒಂದು ಬೆಳಿಗ್ಗೆ ಅತ್ತೆಯ ಕೈಯಿಂದ ಕಾದ ಹಾಲಿನ ಪಾತ್ರೆ ಜಾರಿತು. ಸ್ವಲ್ಪದರಲ್ಲಿ ಕಾಲು ಉಳಿಯಿತು. ಅತ್ತೆ ಚೆಲ್ಲಿದ ಹಾಲನ್ನು ನೋಡಿದರು. ಒಳಗೆ ಹೋಗಿ ಟ್ರಂಕಿಗೆ ಸೀರೆ ತುಂಬತೊಡಗಿದರು.

“ನಾನು ಸೋಗಾನೆಗೆ ಹೋಗ್ತೀನಿ. ಅಣ್ಣನ ಮನೇಲಿ ಇರ್ತೀನಿ.”

“ಎಷ್ಟು ದಿನ?” ಎಂದರು ಮಾವ.

“ಗೊತ್ತಿಲ್ಲ. ನಿದ್ದೆ ಬರೋ ತನಕ. ನೀವು ನಿಮ್ಮ ಹಾಸಿಗೆ ಜೊತೆ ಸಂಸಾರ ಮಾಡಿ.”

“ಹೋಗು, ಹೋಗು. ನನಗೂ ಮಂಚ ಪೂರ್ತಿ ಸಿಗ್ತದೆ,” ಎಂದರು ಮಾವ. ಹಾಗೆ ಅಂದವರು ಅವತ್ತು ಊಟಕ್ಕೆ ಕೂತು ಅನ್ನ ಕಲಸಿ ಹಾಗೇ ಎದ್ದರು. ಟ್ರಂಕಿನ ಕಡೆ ನೋಡದ ಹಾಗೆ ನೋಡುತ್ತಿದ್ದರು. ನನಗೆ ಕಂಡಿತು. ಅತ್ತೆ ಒಮ್ಮೆ ಬಸ್ಸು ಹತ್ತಿದರೆ ಮಾವ ಕರೆಯಲು ಹೋಗುವವರಲ್ಲ, ಕರೆಯದೆ ಅತ್ತೆ ಬರುವವರಲ್ಲ. ಹಾಸಿಗೆಯೊಂದರ ದೆಸೆಯಿಂದ ಇಷ್ಟು ವರ್ಷದ ಸಂಸಾರ ಎರಡು ಊರಾಗುವುದರಲ್ಲಿತ್ತು.

ನಾನು ಓಲ್ಡ್ ಟೌನಿಗೆ ಓಡಿದೆ. ಬಾಷಾ ಸಾಬರ ಮಗಳು ನಸೀಮಾ ಮತ್ತು ನಾನು ಶಾಲೆಯಲ್ಲಿ ಒಂದೇ ಬೆಂಚು. ಶಾಲೆ ಬಿಟ್ಟಿದ್ದೂ ಒಂದೇ ವರ್ಷ. ಅವಳು ಅಪ್ಪನ ಹಾಸಿಗೆಗಳಿಗೆ ದಾರ ಹಾಕುತ್ತಾ ಕೂತಿದ್ದಳು. ನಾನು ಎಲ್ಲವನ್ನೂ ಹೇಳಿದೆ.

“ನೀನು ನಿಮ್ಮ ಮಾವನಿಗೆ ಹೇಳ್ಬೇಕಲ್ಲೇ,” ಎಂದಳು.

“ಮಾವನ ಹತ್ರ ಹಾಸಿಗೆ ವಿಷಯ ಹೇಗೆ ಮಾತಾಡ್ಲಿ? ನಾಚಿಕೆ ಆಗಲ್ವಾ?”

“ನಾಚ್ಕೋ. ಚೆನ್ನಾಗಿ ನಾಚ್ಕೋ. ನಿಮ್ಮತ್ತೆ ಬಸ್ ಹತ್ತಿ ಹೋಗ್ಲಿ.”

ಒಳಗೆ ನಸೀಮಾಳ ಅಜ್ಜಿಗೆ ಸೂಜಿಮದ್ದು ಕೊಡಲು ಜಲಜಮ್ಮ ಬಂದಿದ್ದರು. ಅವರು ಆಸ್ಪತ್ರೆಯ ನರ್ಸು. ಯಾರ ಮನೆಯಲ್ಲಾದರೂ ತಪ್ಪು ಕಂಡರೆ ಮುಖಕ್ಕೇ ಹೇಳುವವರು. ನಮ್ಮ ಮಾತು ಕೇಳಿ ಹೊರಗೆ ಬಂದರು.

“ಹಲಗೆ ಹಾಸಿಗೆ ಕೆಳಗೆ ಅಂತ ಡಾಕ್ಟ್ರು ಹೇಳಿದ್ರೆ, ಈ ಮನುಷ್ಯ ಹಾಸಿಗೇನೇ ಎತ್ತಿ ಎಸೆದ್ರಾ? ಇವರೊಬ್ಬರೇ ಅಲ್ಲಮ್ಮ. ಅರ್ಧ ಕಾರ್ಖಾನೆ ಹೀಗೇ ಮಾಡ್ಕೊಂಡಿದೆ. ನಾಳೆ ನಿಮ್ಮತ್ತೇನ ಇಲ್ಲಿಗೆ ಕರ್ಕೊಂಡು ಬಾ.”

ಮರುದಿನ ಅತ್ತೆ ಬಸ್ಸಿಗೆ ಹೊರಟರು. ಟ್ರಂಕು ನಾನು ಹಿಡಿದಿದ್ದೆ. “ದಾರಿಯಲ್ಲಿ ದಿಂಬಿಗೆ ಹತ್ತಿ ಹೇಳಿ ಹೋಗೋಣ ಅತ್ತೆ,” ಎಂದು ಸುಳ್ಳು ಹೇಳಿ ನಸೀಮಾಳ ಮನೆಗೆ ಕರೆದುಕೊಂಡು ಹೋದೆ. ಒಳಕೋಣೆಯಲ್ಲಿ ಹೆಂಗಸರು ಮಾತ್ರ. ನಸೀಮಾ ಬಾಗಿಲಿಗೆ ಪರದೆ ಎಳೆದಳು. ನೆಲದ ಮೇಲೆ ಮೂರು ಹಾಸಿಗೆ ಹಾಸಿದ್ದಳು. ಒಂದು ಬೂರುಗದ ಹತ್ತಿಯದು, ಒಂದು ಸಾದಾ ಹತ್ತಿಯದು, ಇನ್ನೊಂದು ಹತ್ತಿಯನ್ನು ಕೋಲಿನಿಂದ ಬಡಿದು ಒತ್ತಾಗಿ ತುಂಬಿ ಹೊಲಿದದ್ದು.

“ಮಲಗಿ ಸುವರ್ಣಮ್ಮ,” ಎಂದರು ಜಲಜಮ್ಮ.

“ಇಲ್ಲೇನಾ? ಹಾಡಹಗಲಲ್ಲೇನಾ? ನನಗೇನು ಬಂದಿದೆ ರೋಗ?”

“ರೋಗ ಬಂದಿದ್ದಕ್ಕೇ ಅಲ್ವಾ ಬಸ್ ಹತ್ತೋಕೆ ಹೊರಟಿದ್ದು? ಮಲಗಿ.”

ಅತ್ತೆ ಗೊಣಗುತ್ತಾ ಒತ್ತು ಹತ್ತಿಯ ಹಾಸಿಗೆಯ ಮೇಲೆ ಮಗ್ಗುಲಾದರು. ಭುಜ ಒಳಗೆ ಇಳಿಯದೆ ಮೇಲಕ್ಕೆ ಒತ್ತಿಕೊಂಡು ನಿಂತಿತು. ಜಲಜಮ್ಮ ನನ್ನನ್ನು ಕರೆದು ಹಿಂದಿನಿಂದ ತೋರಿಸಿದರು.

“ನೋಡು, ಬೆನ್ನಿನ ಗೆರೆ ಹೇಗೆ ಸೊಟ್ಟಗಾಗಿದೆ. ಮಗ್ಗುಲಾಗಿ ಮಲಗೋರಿಗೆ ಭುಜವೂ ಸೊಂಟವೂ ಒಂದಿಷ್ಟು ಒಳಗೆ ಇಳೀಬೇಕು. ಆಗ ಕತ್ತಿನಿಂದ ಕೆಳಗಿನ ತನಕ ಬೆನ್ನು ದಾರ ಎಳೆದ ಹಾಗೆ ಇರ್ತದೆ. ಗಟ್ಟಿ ಹಾಸಿಗೆ ಇವರಿಗೆ ಎಲ್ಲಾ ಮೂಳೆಗೂ ಪೆಟ್ಟು.”

ಮೆತ್ತನೆಯ ಹಾಸಿಗೆಗೆ ಹೊರಳಿದಾಗ ಅತ್ತೆಯ ಬೆನ್ನು ನೆಟ್ಟಗಾಯಿತು. ಜಲಜಮ್ಮ ಎರಡು ಮಂಡಿಗಳ ನಡುವೆ ಒಂದು ಸಣ್ಣ ದಿಂಬು ಇಟ್ಟರು. ಅತ್ತೆ ಕಣ್ಣು ಮುಚ್ಚಿದರು. ಮಾತು ನಿಂತಿತು. ನೋಡನೋಡುತ್ತಿದ್ದಂತೆ ಗೊರಕೆ ಶುರುವಾಯಿತು. ನಸೀಮಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಅಷ್ಟರಲ್ಲಿ ಹೊರಗಿನ ಜಗಲಿಯಲ್ಲಿ ಮಾವನ ಗಂಟಲು ಕೇಳಿಸಿತು.

“ಬಾಷಾ ಸಾಬ್ರೇ! ನಮ್ಮನೆಯೋಳು ಸೋಗಾನೆಗೆ ಹೋಗ್ತೀನಿ ಅಂದೋಳು ನಿಮ್ಮನೆ ಹೊಕ್ಕಿದ್ದಾಳಂತೆ! ಚೌಡಮ್ಮ ದಾರೀಲಿ ನೋಡ್ಕೊಂಡು ಬಂದು ಹೇಳಿದ್ಳು!”

“ಅರೇ ಹೊನ್ನಯ್ಯ ಅಣ್ಣಾವ್ರೇ, ಮೆಲ್ಲಗೆ ಮಾತಾಡಿ. ಅಮ್ಮಾವ್ರಿಗೆ ಈಗ ನಿದ್ದೆ ಹತ್ತಿದೆ,” ಎಂದರು ಬಾಷಾ ಸಾಬರು.

ಜಲಜಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋದರು. ನಾನು ಪರದೆಯ ಹಿಂದೆ ನಿಂತೆ.

“ಬನ್ನಿ ಹೊನ್ನಯ್ಯನವರೇ. ನೀವೂ ಮಲಗಿ.”

“ನಾನಾ? ಜಗಲಿ ಮೇಲಾ? ರಸ್ತೇಲಿ ಜನ ಓಡಾಡ್ತಾರೆ.”

“ಓಡಾಡ್ಲಿ. ಹಾಸಿಗೆ ಮಾರೋ ಮನೇಲಿ ಹಾಸಿಗೆ ಮೇಲೆ ಮಲಗಿದ್ರೆ ಯಾರೂ ಪೊಲೀಸ್ನೋರನ್ನ ಕರೆಯಲ್ಲ.”

ಮಾವ ಮೊದಲು ಬರಿಯ ಜಗಲಿಯ ಮೇಲೆ ಅಂಗಾತ ಮಲಗಿದರು. ಜಲಜಮ್ಮ ಬಾಷಾ ಸಾಬರಿಗೆ ಮಾವನ ನಡುವಿನ ಕೆಳಗೆ ಅಂಗೈ ತೂರಿಸಲು ಹೇಳಿದರು. ಕೈ ಸಲೀಸಾಗಿ ಆ ಕಡೆಗೆ ಹೋಯಿತು.

“ನೋಡಿ. ಹಲಗೆ ಮೇಲೆ ನಿಮ್ಮ ನಡು ಗಾಳಿಯಲ್ಲಿ ನೇತಾಡ್ತಿರ್ತದೆ. ಅದಕ್ಕೆ ಆಸರೆ ಎಲ್ಲಿ?”

ಆಮೇಲೆ ಮಾರಲು ಇಟ್ಟಿದ್ದ ಇನ್ನೊಂದು ಬೂರುಗದ ಹಾಸಿಗೆ ಹಾಸಿ ಮಲಗಿಸಿದರು. ಸೊಂಟ ಹೂತುಹೋಗಿ, ಕೈ ತೂರಲೇ ಇಲ್ಲ. ಒತ್ತು ಹತ್ತಿಯದರ ಮೇಲೆ ಮಲಗಿಸಿದರು. ಕೈ ಸ್ವಲ್ಪ ಕಷ್ಟಪಟ್ಟು ಹೋಯಿತು, ಹಾಸಿಗೆ ನಡುವನ್ನು ತಾಗುತ್ತಿತ್ತು. ಮಂಡಿಯ ಕೆಳಗೆ ಒಂದು ದಿಂಬು ಇಟ್ಟ ಮೇಲೆ ಮಾವನ ಮುಖದ ಗಂಟು ಬಿಚ್ಚಿತು.

“ಇದು ನಿಮ್ಮ ಹಾಸಿಗೆ. ಕೆಳಗೆ ಹಲಗೆ ಇರಲಿ, ಡಾಕ್ಟ್ರು ಹೇಳಿದ್ದು ಸರಿಯೇ. ಮೇಲೆ ಇದು ಬೇಕು. ಗಟ್ಟಿ ಹಾಸಿಗೆ ಅಂದ್ರೆ ಬಾಗಿಲಲ್ಲ.”

ಮಾವ ಎದ್ದು ಕೂತರು. “ಸರಿ, ಇದನ್ನೇ ದೊಡ್ಡದಾಗಿ ಮಾಡಿಕೊಡಿ ಸಾಬ್ರೇ. ಇಬ್ಬರಿಗೂ ಆಗೋ ಹಾಗೆ.”

ಜಲಜಮ್ಮ ಹಣೆ ಚಚ್ಚಿಕೊಂಡರು. “ಇಷ್ಟು ಹೊತ್ತು ನಾನು ಯಾರಿಗೆ ಹೇಳಿದ್ದು? ಅವರಿಗೆ ಇದು ಆಗಲ್ಲ!”

“ಮತ್ತೆ ಎರಡೂ ಹತ್ತಿ ಕಲಸಿ...”

“ಕಲಸಿ ತಂದಿದ್ರಲ್ಲ ಶಿವಮೊಗ್ಗದಿಂದ? ಏನಾಯ್ತು?”

“ಎರಡು ಹಾಸಿಗೆ ಮಾಡಿಸಿ, ಬೇರೆ ಬೇರೆ,” ಎಂದರು ಬಾಷಾ ಸಾಬರು.

“ಅದೊಂದು ಮಾತು ಬೇಡ ಸಾಬ್ರೇ. ಹಾಸಿಗೆ ಬೇರೆ ಆದ್ರೆ ಸಂಸಾರ ಬೇರೆ ಆದ ಹಾಗೆ. ನಾಳೆ ಊರೋರಿಗೆ ಏನು ಮುಖ ತೋರಿಸ್ಲಿ? ಅವಳು ಬೇಕಾದ್ರೆ ಸೋಗಾನೆಗೇ ಹೋಗ್ಲಿ!”

ಒಳಗೆ ಅತ್ತೆಗೆ ಎಚ್ಚರವಾಗಿತ್ತು. ಆ ಮಾತು ಕೇಳಿ ಎದ್ದು ಕೂತು, ಚಪ್ಪಲಿ ಎಲ್ಲಿ ಎಂದು ನೋಡತೊಡಗಿದರು. ಟ್ರಂಕಿಗೆ ಕೈ ಹಾಕಿದರು.

ನನಗೆ ಎಲ್ಲಿಂದ ಸಿಟ್ಟು ಬಂತೋ ಗೊತ್ತಿಲ್ಲ. ಇಷ್ಟು ದಿನ ಬಗ್ಗಿ ಸುತ್ತಿದ ಹಾಸಿಗೆಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದ ಹಾಗಾಯಿತು. ಪರದೆ ಸರಿಸಿ ಹೊರಗೆ ಬಂದೆ. ತಲೆ ಎತ್ತಲಿಲ್ಲ. ನೆಲ ನೋಡಿಕೊಂಡೇ ಹೇಳಿದೆ.

“ಮಾವ, ದಿನಾ ನಿಮ್ಮ ಹಾಸಿಗೆ ಸುತ್ತೋಳು ನಾನು. ನಿಮ್ಮ ಕಡೆ ಸೊಂಟದ ಹತ್ರ ಹಳ್ಳ ಬಿದ್ದಿರ್ತದೆ. ಅತ್ತೆ ಆ ಹಳ್ಳಕ್ಕೆ ಜಾರಬಾರದು ಅಂತ ಮಂಚದ ತುದಿಗೆ ಹೋಗಿ, ಹಾಸಿಗೆ ಅಂಚು ಹಿಡ್ಕೊಂಡು ಮಲಗಿರ್ತಾರೆ. ಅಂಚಿನ ಬಟ್ಟೆ ಅವರ ಕೈಯಲ್ಲಿ ಹಿಸುಕಿ ಹಿಸುಕಿ ಸವೆದಿದೆ. ಮಧ್ಯದಲ್ಲಿ ಯಾರೂ ಮಲಗಿದ ಗುರುತೇ ಇಲ್ಲ. ಮಧ್ಯದ ಹಾಸಿಗೆ ಯಾರಿಗೋಸ್ಕರ ತಂದ್ರಿ?”

ಮಾತು ಶುರು ಮಾಡಿದ ಮೇಲೆ ನನಗೆ ನಿಲ್ಲಿಸಲು ಗೊತ್ತಾಗಲಿಲ್ಲ.

“ಊರೋರಿಗೆ ಕಾಣೋದು ಮೇಲಿನ ಗೌಸು. ಒಳಗಿನ ಹತ್ತಿ ಅಲ್ಲ. ಗೌಸು ಒಂದೇ ಇರ್ಲಿ. ಒಳಗೆ ಎರಡು ಹಾಸಿಗೆ ಅಕ್ಕಪಕ್ಕ ಇರ್ಲಿ, ಅವರವರಿಗೆ ಬೇಕಾದ್ದು. ಮದುವೆ ಹಾಸಿಗೆಯ ಪಟ್ಟೆ ಬಟ್ಟೆ ಅತ್ತೆ ಜೋಪಾನ ಮಾಡಿ ಇಟ್ಟಿದ್ದಾರೆ. ಬಿಸಿಲಿಗೆ ಹಾಕೋಳು ನಾನೇ. ಅದರಲ್ಲೇ ಗೌಸು ಹೊಲಿಸಿ.”

ಮಾವ ನನ್ನನ್ನು ನೋಡಲಿಲ್ಲ. ಪರದೆಯ ಕಡೆ ತಿರುಗಿ, “ಏನೇ, ನಿನ್ನ ಸೊಸೆಗೆ ಮಾತು ಬರ್ತದಲ್ಲೇ!” ಎಂದರು. ಆಮೇಲೆ ದನಿ ತಗ್ಗಿಸಿ, “ಅಂಚು ಹಿಡ್ಕೊಂಡು ಮಲಗ್ತಿದ್ಯಾ? ಹೇಳಬಾರದಿತ್ತಾ?” ಎಂದರು.

“ದಿನಾ ಬೆಳಿಗ್ಗೆ ಹೇಳ್ತಿದ್ನಲ್ಲ,” ಎಂದರು ಒಳಗಿನಿಂದ ಅತ್ತೆ.

“ಅದು ಜಗಳ ಅಂದ್ಕೊಂಡೆ.”

ಬಾಷಾ ಸಾಬರು ಅನುಮಾನದಿಂದ ಗಡ್ಡ ಕೆರೆದುಕೊಂಡರು. “ಇಂಥ ಹಾಸಿಗೆ ನಾನು ಇವತ್ತಿನವರೆಗೂ ಹೊಲಿದಿಲ್ಲ. ಸರಿಯಾಗದಿದ್ರೆ ನನ್ನ ಬೈಬೇಡಿ.”

ಮೊದಲ ಸಲ ಸರಿಯಾಗಲಿಲ್ಲ. ಎರಡನ್ನೂ ಅವರು ಒಂದೇ ಎತ್ತರಕ್ಕೆ ಹೊಲಿದಿದ್ದರು. ಮಲಗಿದ ಮೇಲೆ ಅತ್ತೆಯ ಕಡೆ ಕೆಳಗಿಳಿದು, ನಡುವೆ ಮೆಟ್ಟಿಲಾಯಿತು. ಮಾವ ಮೇಲಿನಿಂದ ಕೆಳಗೆ ನೋಡಿ, “ಅಟ್ಟದ ಮೇಲೆ ಮಲಗಿದ ಹಾಗಿದೆ,” ಎಂದರು. ಬಾಷಾ ಸಾಬರು ಬೈಸಿಕೊಂಡರು, ವಾಪಸ್ಸೂ ಬೈದರು. ಆಮೇಲೆ ಅತ್ತೆಯ ಕಡೆ ಬೂರುಗದ ಹತ್ತಿಯನ್ನು ಹೆಚ್ಚಾಗಿ ತುಂಬಿ, ಮಲಗಿದ ಮೇಲೆ ಎರಡೂ ಸಮನಾಗುವಂತೆ ಮಾಡಿದರು. ನಸೀಮಾ ಹಳೆಯ ಪಟ್ಟೆ ಬಟ್ಟೆಯ ಸವೆದ ಕಡೆ ತೇಪೆ ಹಾಕಿ ಗೌಸು ಹೊಲಿದಳು. ಕಾಲಿನ ಕಡೆ ಕಟ್ಟುವ ಲಾಡಿ ಇಟ್ಟಳು. ಬಾಗಿಲ ಚಿಲಕ ಕಿತ್ತು, ಬಾಗಿಲನ್ನು ಮಂಚದ ಮೇಲೆ ಹಾಕಿ, ಅದರ ಮೇಲೆ ಹಾಸಿಗೆ ಹಾಸಿದೆವು. ಅತ್ತೆಯ ಟ್ರಂಕು ಮಂಚದ ಕೆಳಗೆ ಹೋಯಿತು.

ಈಗ ಮಾವ ಹೊರಳಿದರೆ ಅತ್ತೆಯ ಕಡೆ ಅಲುಗುವುದಿಲ್ಲ. ಅತ್ತೆ ಮಂಚದ ಅಂಚು ಬಿಟ್ಟು ಒಳಗೆ ಮಲಗುತ್ತಾರೆ. ನೋವು ಪೂರ್ತಿ ಹೋಯಿತೇ ಎಂದು ಕೇಳಬೇಡಿ. ಹೋಗಿಲ್ಲ. ಚಳಿಗೆ ಅತ್ತೆಯ ಬೆರಳು ಈಗಲೂ ಮಡಚುವುದಿಲ್ಲ, ಮಾವ ಈಗಲೂ ಬಿಸಿನೀರಿನ ಶಾಖ ತೆಗೆದುಕೊಳ್ಳುತ್ತಾರೆ, ಡಾಕ್ಟರು ಹೇಳಿದಂತೆ ನಡೆದಾಡುತ್ತಾರೆ. ಆದರೆ ರಾತ್ರಿ ನಿದ್ದೆ ಬರುತ್ತದೆ. ನಿದ್ದೆ ಮಾಡಿ ಎದ್ದ ಮೈ ನೋವನ್ನು ತಡೆದುಕೊಳ್ಳುತ್ತದೆ.

ಚೌಡಮ್ಮ ಮೊದಲ ದಿನವೇ ಬಂದಳು. ಮಂಚದ ಮೇಲೆ ಕೂತಳು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗಿದಳು, ಮತ್ತೆ ವಾಪಸ್ಸು ಜರುಗಿದಳು.

“ಏನೋ ವ್ಯತ್ಯಾಸ ಇದೆಯಲ್ಲ ಸುವರ್ಣಮ್ಮ?”

“ಮದುವೆ ಹಾಸಿಗೆ ಕಣೇ. ನೋಡು, ಅದೇ ಪಟ್ಟೆ,” ಎಂದರು ಅತ್ತೆ.

ಆ ವಾರವೇ ಚೌಡಮ್ಮ ಗಂಡನನ್ನು ಕರೆದುಕೊಂಡು ಓಲ್ಡ್ ಟೌನಿಗೆ ಹೋಗಿದ್ದನ್ನು ನಸೀಮಾ ಹೇಳಿದಳು.

ನನಗೊಂದು ಕಷ್ಟ ಉಳಿಯಿತು. ಈ ಹಾಸಿಗೆಯನ್ನು ಸುತ್ತಲು ಬರುವುದಿಲ್ಲ. ನಡುವಿಗೆ ಮಡಚಿ ಒಂದರ ಮೇಲೊಂದು ಹಾಕಬೇಕು. ಒತ್ತು ಹತ್ತಿಯ ಕಡೆ ನನಗೆ ಎತ್ತಲಾರದಷ್ಟು ಭಾರ. ಒಂದು ಬೆಳಿಗ್ಗೆ ಅದರೊಂದಿಗೆ ಒದ್ದಾಡುತ್ತಿದ್ದಾಗ ಮಾವ ಕಾಫಿ ಲೋಟ ಕೆಳಗಿಟ್ಟು ಬಂದರು. ಸೊಂಟ ಬಗ್ಗಿಸದೆ ಮಂಡಿಯೂರಿ, ಒಂದು ಮೂಲೆ ಹಿಡಿದರು. ಅತ್ತೆ ಇನ್ನೊಂದು ಮೂಲೆಗೆ ಬಂದರು.

“ಮೆಲ್ಲಗೆ ಎತ್ರೀ, ಸೊಂಟ,” ಎಂದರು ಅತ್ತೆ.

“ನೀನು ಭುಜ ನೋಡ್ಕೋ,” ಎಂದರು ಮಾವ.

ಅವತ್ತಿನಿಂದ ಹಾಸಿಗೆ ಮಡಚುವುದು ಅವರಿಬ್ಬರ ಕೆಲಸ. ನಾನು ಬಿಸಿ ಕಾಫಿ ಕುಡಿಯುತ್ತೇನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬರಿಗೆ ಬೆನ್ನು, ಒಬ್ಬರಿಗೆ ಕೀಲು ನೋಯುತ್ತಿರಬಹುದು. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೂ ಹಿತ ಎಂದು ದಯವಿಟ್ಟು ತೀರ್ಮಾನ ಮಾಡಬೇಡಿ. ಇಬ್ಬರಿಗೂ ನಡುವಿನದನ್ನು ತಂದು ನ್ಯಾಯ ಮಾಡಿದೆವು ಎಂದು ಬೀಗಬೇಡಿ. ಹಾಸಿಗೆಯನ್ನು ಕೈಯಿಂದ ಗುದ್ದಿ ನೋಡಿ ತರಬೇಡಿ, ಯಾರು ಮಲಗುತ್ತಾರೋ ಅವರೇ ಮಲಗಿ ನೋಡಲಿ. ಅಂಗಾತ ಮಲಗುವವರ ನಡುವಿನ ಕೆಳಗೆ ಅಂಗೈ ತೂರಿಸಿ ನೋಡಿ. ಸಲೀಸಾಗಿ ಹೋದರೆ ಹಾಸಿಗೆ ಹೆಚ್ಚು ಗಟ್ಟಿ, ಹೋಗದಿದ್ದರೆ ಹೆಚ್ಚು ಮೆತ್ತಗೆ. ಮಗ್ಗುಲಾಗಿ ಮಲಗುವವರ ಬೆನ್ನಿನ ಗೆರೆ ನೆಟ್ಟಗಿದೆಯೇ ಎಂದು ಹಿಂದೆ ನಿಂತು ನೋಡಿ. ಹತ್ತಿ ಗಂಟುಗಟ್ಟಿದರೆ ಹಿಂಜಿಸಿ, ಬಿಸಿಲಿಗೆ ಹಾಕಿ. ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ, ನೋವಿನ ಜೊತೆ ಜ್ವರ ಬಂದರೆ, ಮಲಮೂತ್ರದ ಹಿಡಿತ ತಪ್ಪಿದರೆ ಹಾಸಿಗೆ ಬದಲಿಸುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.

ನಿಮ್ಮ ಮನೆಯಲ್ಲಿ ಹಾಸಿಗೆ ಸುತ್ತುವವರು ಯಾರೇ ಇರಲಿ, ನಾಳೆ ಬೆಳಿಗ್ಗೆ ಸುತ್ತುವ ಮೊದಲು ಒಂದು ಗಳಿಗೆ ನಿಂತು ನೋಡಿ. ಹಳ್ಳ ಎಲ್ಲಿದೆ, ಅಂಚು ಎಲ್ಲಿ ಸವೆದಿದೆ ಎಂದು ನೋಡಿ. ಕಂಡಿದ್ದನ್ನು ನಾಚಿಕೊಂಡಾದರೂ ಸರಿ, ಬಾಯಿ ಬಿಟ್ಟು ಹೇಳಿ.